ಶಾಮೋನಿಗೆ ಹೋದವರು, ಹೋಗದೆ ಉಳಿದವರು

ಬೆಳಗಾವಿಯಿಂದ ಶುರು ಮಾಡುತ್ತೇನೆ. ಇವತ್ತಿನ ಉಪನ್ಯಾಸ ಹಿಮದ ನಾಡು ಫಿನ್‌ಲೆಂಡ್ ಮತ್ತು 1924ರ ಶಾಮೋನಿಯ ಚಳಿಗಾಲದ ಕ್ರೀಡೆಗಳ ಬಗ್ಗೆ ಅಂತ ಹೇಳಿ ಕರೆದು ಬೆಳಗಾವಿ ಯಾಕೆ ತಂದರು ಅಂತ ನಿಮಗೆ ಅನ್ನಿಸಬಹುದು. ಕಾರಣವಿದೆ, ಕೇಳಿ.

1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಒಲಿಂಪಿಕ್ಸ್ ನಡೆಯಿತು. ಅಲ್ಲಿಯ ಮ್ಯಾರಥಾನ್‌ನಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಓಡಿದರು. 19ನೆಯವರಾಗಿ ಗುರಿ ಮುಟ್ಟಿದರು. 2 ಗಂಟೆ 50 ನಿಮಿಷ ಹಿಡಿಯಿತು. ಅದೇ ಓಟವನ್ನು 2 ಗಂಟೆ 32 ನಿಮಿಷದಲ್ಲಿ ಮುಗಿಸಿ ಗೆದ್ದವರು ಫಿನ್‌ಲೆಂಡಿನ ಹಾನೆಸ್ ಕೊಲೆಹ್ಮೈನೆನ್. ಒಂದೇ ರಸ್ತೆ, ಒಂದೇ ದಿನ, ಮುಂದೆ ಒಬ್ಬ ಫಿನ್, ಹಿಂದೆ ನಮ್ಮ ಕಡೆಯವರು ಒಬ್ಬರು. ಚೌಗುಲೆ ಅಲ್ಲಿಗೆ ಹೋದದ್ದು ಬ್ರಿಟಿಷರ ಆಳ್ವಿಕೆಯ ಇಂಡಿಯಾದ ಹೆಸರಿನಲ್ಲಿ. ಕಾಲು ತಮ್ಮದು, ಬಾವುಟ ಬೇರೆಯವರದು.

ಈಗ ಎಂಟು ವರ್ಷ ಹಿಂದಕ್ಕೆ ಬನ್ನಿ. 1912, ಸ್ಟಾಕ್‌ಹೋಮ್. ಇದೇ ಕೊಲೆಹ್ಮೈನೆನ್ ಅಲ್ಲಿ 5,000 ಮೀಟರ್, 10,000 ಮೀಟರ್, ಕ್ರಾಸ್‌ಕಂಟ್ರಿ, ಹೀಗೆ ಮೂರು ಓಟ ಗೆದ್ದರು. ಗೆದ್ದಾಗ ಕಂಬದ ಮೇಲೆ ಏರಿದ್ದು ರಷ್ಯಾದ ಬಾವುಟ. ಫಿನ್‌ಲೆಂಡ್ ಆಗ ರಷ್ಯಾದ ಚಕ್ರವರ್ತಿಯ ಕೈಕೆಳಗಿನ ಸಂಸ್ಥಾನವಾಗಿತ್ತು, 1809ರಿಂದಲೂ. 1920ರಲ್ಲಿ ಚೌಗುಲೆ ಎಲ್ಲಿ ನಿಂತಿದ್ದರೋ 1912ರಲ್ಲಿ ಕೊಲೆಹ್ಮೈನೆನ್ ಅಲ್ಲಿಯೇ ನಿಂತಿದ್ದರು. ನಾವು ಪರದೇಶದ ಕ್ರೀಡೆಯ ಕಥೆ ಓದುವಾಗ ಗೆದ್ದವರ ಹೆಸರು, ಪದಕದ ಲೆಕ್ಕ ನೋಡಿ ಪುಟ ತಿರುಗಿಸುತ್ತೇವೆ. ನಾನು ಇವತ್ತು ಬಾವುಟವನ್ನು ಹಿಡಿದು ಹೋಗುತ್ತೇನೆ. ಯಾವ ಬಾವುಟ, ಅದರ ಕೆಳಗೆ ಯಾರು ನಿಂತರು, ಯಾರು ನಿಲ್ಲಲಿಲ್ಲ.

ಫಿನ್‌ಲೆಂಡ್ ಸ್ವತಂತ್ರವಾದದ್ದು 1917ರ ಡಿಸೆಂಬರ್ 6ರಂದು. ಜನಸಂಖ್ಯೆ ಸುಮಾರು 31 ಲಕ್ಷ. ಇವತ್ತು ನಮ್ಮ ಬೆಂಗಳೂರಿನ ಒಂದು ಭಾಗದಲ್ಲಿ ಅಷ್ಟು ಜನ ಸಿಗುತ್ತಾರೆ. ಸ್ವಾತಂತ್ರ್ಯ ಬಂದು ಎರಡು ತಿಂಗಳೂ ತುಂಬಿರಲಿಲ್ಲ, 1918ರ ಜನವರಿ 27ರಂದು ಅಂತರ್ಯುದ್ಧ ಶುರುವಾಯಿತು. ಒಂದು ಕಡೆ ಕೆಂಪಿನವರು ಅಂದರೆ ಕಾರ್ಖಾನೆಯ ಕೆಲಸಗಾರರು, ಜಮೀನಿಲ್ಲದ ಕೂಲಿಗಳು, ಗೇಣಿದಾರರು. ಇನ್ನೊಂದು ಕಡೆ ಬಿಳಿಯವರು ಅಂದರೆ ಸೆನೆಟ್ಟಿನ ಸರ್ಕಾರ, ಜಮೀನಿದ್ದ ರೈತರು, ಓದಿದ ಮಧ್ಯಮ ವರ್ಗ. ಮೇ ಮಧ್ಯದ ಹೊತ್ತಿಗೆ ಯುದ್ಧ ಮುಗಿಯಿತು. ಬಿಳಿಯವರು ಗೆದ್ದರು. ಸತ್ತವರು 36,000ಕ್ಕೂ ಹೆಚ್ಚು, ಎಂದರೆ ಪ್ರತಿ ನೂರು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ಅವರಲ್ಲಿ ಹೆಚ್ಚಿನವರು ಸೋತ ಕಡೆಯವರು. ಯುದ್ಧ ನಿಂತ ಮೇಲೆ ಸೆರೆ ಶಿಬಿರಗಳಲ್ಲಿ ಹಸಿವಿನಿಂದ, ಕಾಯಿಲೆಯಿಂದ ಸತ್ತವರೇ ಹತ್ತು ಸಾವಿರ ದಾಟುತ್ತಾರೆ. ಈ ಜನವರಿ 27 ಎಂಬ ದಿನವನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ. ಮತ್ತೆ ಬರುತ್ತದೆ.

ಆರು ವರ್ಷ ಕಳೆಯಿತು. 1924ರ ಜನವರಿ 25ರಂದು ಫ್ರಾನ್ಸಿನ ಶಾಮೋನಿ ಎಂಬ ಊರಿನಲ್ಲಿ, ಮೌಂಟ್ ಬ್ಲಾಂಕ್ ಪರ್ವತದ ಬುಡದಲ್ಲಿ, 16 ದೇಶಗಳ ಕ್ರೀಡಾಪಟುಗಳು ಮೆರವಣಿಗೆಯಲ್ಲಿ ನಡೆದರು. ಸ್ಕೀ ಹಲಗೆ, ಸ್ಕೇಟು, ಹಾಕಿ ಕೋಲು ಎಲ್ಲ ಕೈಯಲ್ಲಿ, ಹೆಗಲಿನಲ್ಲಿ. ಇದನ್ನು ನಾವು ಈಗ ಮೊದಲ ಚಳಿಗಾಲದ ಒಲಿಂಪಿಕ್ಸ್ ಎನ್ನುತ್ತೇವೆ. ಅಲ್ಲಿ ನಡೆದವರಿಗೆ ಅದು ಗೊತ್ತಿರಲಿಲ್ಲ. ಅವರ ಪಾಲಿಗೆ ಅದು ಚಳಿಗಾಲದ ಕ್ರೀಡೆಗಳ ಅಂತರರಾಷ್ಟ್ರೀಯ ಸಪ್ತಾಹ. ಹೆಸರು ಸಪ್ತಾಹ, ನಡೆದದ್ದು ಹನ್ನೆರಡು ದಿನ.

ಒಲಿಂಪಿಕ್ಸ್ ಎಂಬ ಹೆಸರು ಯಾಕೆ ಇಡಲಿಲ್ಲ? ಹಿಮದ ನಾಡಿನವರೇ ಬೇಡ ಅಂದಿದ್ದರು. ಇದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಸ್ವೀಡನ್ನಿನಲ್ಲಿ 1901ರಿಂದ ನಾರ್ಡಿಕ್ ಆಟಗಳು ಎಂಬ ಕೂಟ ನಡೆಯುತ್ತಿತ್ತು, ವಿಕ್ಟರ್ ಬಾಲ್ಕ್ ಎಂಬ ಸೇನಾಧಿಕಾರಿ ಕಟ್ಟಿದ್ದು. ನಾರ್ವೆಯವರಿಗೆ ತಮ್ಮ ಹೋಲ್ಮೆನ್‌ಕೊಲೆನ್ ಬೆಟ್ಟದ ಸ್ಕೀ ಸ್ಪರ್ಧೆಯೇ ಜಾತ್ರೆ. ನಮ್ಮ ಹಬ್ಬವನ್ನು ಪ್ಯಾರಿಸಿನವರು ಯಾಕೆ ನಡೆಸಬೇಕು ಎಂಬ ಅಸಮಾಧಾನ ಅವರಿಗೆ. ನನಗೆ ಅವರ ಮಾತಿನಲ್ಲಿ ತಪ್ಪು ಕಾಣುವುದಿಲ್ಲ. ಮನೆಯ ಅಂಗಳದಲ್ಲಿ ಬೆಳೆದ ಆಟವನ್ನು ಹೊರಗಿನವರು ಎತ್ತಿಕೊಂಡು ಹೋಗಿ ದೊಡ್ಡ ಮೈದಾನದಲ್ಲಿ ಇಟ್ಟರೆ ಮನೆಯವರಿಗೆ ಕಸಿವಿಸಿ ಆಗಿಯೇ ಆಗುತ್ತದೆ. ಕೊನೆಗೆ ಒಂದು ನಡುದಾರಿ ಹಿಡಿದರು. ಒಲಿಂಪಿಕ್ ಸಮಿತಿ ಆಶ್ರಯ ಕೊಡುವುದು, ಒಲಿಂಪಿಕ್ ಎಂಬ ಹೆಸರು ಹಾಕದಿರುವುದು.

ಇಲ್ಲಿ ಒಂದು ಸಣ್ಣ ಮಾತು, ವಿಷಯ ಬಿಟ್ಟು. ಈ ಉಪನ್ಯಾಸಕ್ಕೆ ಟಿಪ್ಪಣಿ ಬರೆಯುವಾಗ ನನಗೆ ಕನ್ನಡದಲ್ಲೇ ತೊಡಕಾಯಿತು. ನಾನು ಮಲೆನಾಡಿನವನು. ನಮಗೆ ಮಂಜು ಎಂದರೆ ಧನುರ್ಮಾಸದಲ್ಲಿ ಬೆಳಗ್ಗೆ ತೋಟದ ಮೇಲೆ ಕೂತಿರುತ್ತದಲ್ಲ, ಅದು. ಆಕಾಶದಿಂದ ಹತ್ತಿಯ ಹಾಗೆ ಬೀಳುವುದಕ್ಕೂ ಮಂಜು ಅನ್ನುತ್ತೇವೆ. ಹೆಪ್ಪುಗಟ್ಟಿದ ನೀರಿಗೆ ಮಂಜುಗಡ್ಡೆ. ಹುಲ್ಲಿನ ಮೇಲಿನ ಇಬ್ಬನಿಗೂ ಕೆಲವು ಕಡೆ ಮಂಜು ಎನ್ನುವವರಿದ್ದಾರೆ. ನಮಗೆ ಒಂದು ಪದ ಸಾಕಾಗಿದೆ, ಏಕೆಂದರೆ ಅದು ನಮ್ಮ ಬದುಕನ್ನು ತಡೆದು ನಿಲ್ಲಿಸುವುದಿಲ್ಲ. ಫಿನ್‌ಲೆಂಡಿನಲ್ಲಿ ಹಿಮ ಬಿದ್ದರೆ ನೆರೆಮನೆಗೆ ಹೋಗುವುದಕ್ಕೂ ಸ್ಕೀ ಬೇಕು. ಕೆರೆ ಹೆಪ್ಪುಗಟ್ಟಿತು ಎಂದರೆ ಹೊಸ ರಸ್ತೆ ಸಿಕ್ಕಿತು ಅಂತ ಲೆಕ್ಕ. ಇವತ್ತು ನಾನು ಬೀಳುವುದನ್ನು ಹಿಮ ಎಂದೂ, ಗಟ್ಟಿಯಾದ ನೀರನ್ನು ಮಂಜುಗಡ್ಡೆ ಎಂದೂ ಕರೆಯುತ್ತೇನೆ.

ಶಾಮೋನಿಯಲ್ಲಿ ಈ ಎರಡೂ ಕೈಕೊಟ್ಟಿದ್ದವು. ಡಿಸೆಂಬರ್ ಕೊನೆಯವರೆಗೂ ಹಿಮವೇ ಇರಲಿಲ್ಲ. ಆಮೇಲೆ ಒಮ್ಮೆಗೇ ಮೀಟರಿಗೂ ಹೆಚ್ಚು ಬಿತ್ತು. ಸ್ಕೇಟಿಂಗ್ ರಿಂಕಿನ ಮೇಲೆ ಬಿದ್ದದ್ದನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ಹೊರಗೆ ಹಾಕಿದರು. ಅದು ಮುಗಿಯಿತು ಎನ್ನುವಾಗ ಹವೆ ಬೆಚ್ಚಗಾಗಿ ರಿಂಕು ಕೆರೆಯಾಯಿತು. ಸ್ಪರ್ಧೆ ಹತ್ತಿರ ಬಂದಾಗ ಮತ್ತೆ ಚಳಿ ಹಿಡಿದು ನೀರು ಗಟ್ಟಿಯಾಯಿತು. ಯಂತ್ರದಿಂದ ಮಂಜುಗಡ್ಡೆ ಮಾಡುವ ವ್ಯವಸ್ಥೆ ಅಲ್ಲಿರಲಿಲ್ಲ, ಆಕಾಶ ಕೊಟ್ಟದ್ದೇ ನೆಲ.

ಆ ನೆಲದ ಮೇಲೆ ಫಿನ್‌ಲೆಂಡ್ ಏನು ಮಾಡಿತು ಎಂಬುದನ್ನು ಈಗ ಸ್ವಲ್ಪ ನಿಧಾನವಾಗಿ ನೋಡೋಣ.

ಸ್ಪೀಡ್ ಸ್ಕೇಟಿಂಗ್ ನೋಡದವರಿಗಾಗಿ ಒಂದು ವಿವರಣೆ. ಓಟದ ಸ್ಪರ್ಧೆಯ ಹಾಗೆ ಎಂಟು ಜನ ಒಟ್ಟಿಗೆ ಹೊರಡುವುದಿಲ್ಲ. ಯುರೋಪಿನ ಪದ್ಧತಿಯಲ್ಲಿ ಇಬ್ಬಿಬ್ಬರೇ. 400 ಮೀಟರಿನ ಸುತ್ತು, ಒಳಗೊಂದು ಲೇನು, ಹೊರಗೊಂದು ಲೇನು. ಒಳಗಿನ ಸುತ್ತು ಗಿಡ್ಡ, ಹೊರಗಿನದು ಉದ್ದ. ಅನ್ಯಾಯ ಆಗಬಾರದೆಂದು ಪ್ರತಿ ಸುತ್ತಿನಲ್ಲೂ ಇಬ್ಬರೂ ಲೇನು ಬದಲಿಸುತ್ತಾರೆ. ಪಕ್ಕದವನನ್ನು ಸೋಲಿಸಿದರೆ ಸಾಲದು, ಬೆಳಗ್ಗೆ ಸ್ಕೇಟ್ ಮಾಡಿ ಹೋದವನ ಸಮಯವನ್ನೂ, ನಿನ್ನ ನಂತರ ಬರುವವನ ಸಮಯವನ್ನೂ ಸೋಲಿಸಬೇಕು. ಎದುರಾಳಿ ಕಣ್ಣಿಗೆ ಕಾಣುವುದಿಲ್ಲ, ಗಡಿಯಾರದಲ್ಲಿರುತ್ತಾನೆ. 10,000 ಮೀಟರ್ ಎಂದರೆ 25 ಸುತ್ತು, ಸೊಂಟ ಬಗ್ಗಿಸಿಕೊಂಡೇ. ಮನೆಯಲ್ಲಿ ಐದು ನಿಮಿಷ ಹಾಗೆ ಬಗ್ಗಿ ನಿಂತು ನೋಡಿ, ಆಮೇಲೆ 18 ನಿಮಿಷ ಎಂದರೇನು ಅಂತ ತಿಳಿಯುತ್ತದೆ.

ಹೆಲ್ಸಿಂಕಿಯ ಕ್ಲಾಸ್ ಥುನ್‌ಬೆರಿಗೆ ಆಗ 30 ವರ್ಷ. ಹುಟ್ಟಿದ್ದು 1893ರ ಏಪ್ರಿಲ್‌ನಲ್ಲಿ. ಹೆಲ್ಸಿಂಕಿ ಕಡಲ ದಂಡೆಯ ಊರು, ಚಳಿಗಾಲದಲ್ಲಿ ಬಂದರಿನ ನೀರು ಗಟ್ಟಿಯಾಗಿ ಸ್ಕೇಟಿಂಗ್‌ಗೆ ಒದಗುತ್ತದೆ. ಆ ಊರಿಗೆ ಈ ಆಟದಲ್ಲಿ ಹಳೆಯ ನಂಟಿದೆ. ರಷ್ಯಾದ ಕೈಕೆಳಗೆ ಇದ್ದಾಗಲೇ, 1901ರಲ್ಲಿ, ಫಿನ್‌ಲೆಂಡಿನ ಫ್ರಾನ್ಸ್ ವಾಥೇನ್ ವಿಶ್ವ ಚಾಂಪಿಯನ್ ಆಗಿದ್ದರು. ಥುನ್‌ಬೆರಿ 1923ರಲ್ಲಿ ವಿಶ್ವ ಚಾಂಪಿಯನ್ ಆಗಿ ಶಾಮೋನಿಗೆ ಬಂದವರು, ಎಲ್ಲರ ಕಣ್ಣೂ ಅವರ ಮೇಲಿತ್ತು.

ಜನವರಿ 26, ಮೊದಲ ಸ್ಪರ್ಧೆ 500 ಮೀಟರ್. ಅಮೆರಿಕದ ಚಾರ್ಲ್ಸ್ ಜೂಟ್ರಾ 44 ಸೆಕೆಂಡಿನಲ್ಲಿ ಮುಗಿಸಿ ಎಲ್ಲರನ್ನೂ ಬೆರಗುಗೊಳಿಸಿದರು. ಥುನ್‌ಬೆರಿ ಮತ್ತು ನಾರ್ವೆಯ ರೋಲ್ಡ್ ಲಾರ್ಸೆನ್ ಇಬ್ಬರಿಗೂ 44.8, ಮೂರನೆಯ ಸ್ಥಾನ ಇಬ್ಬರಿಗೂ ಸಮ. ಅದೇ ದಿನ 5,000 ಮೀಟರ್. ಇಲ್ಲಿ ಥುನ್‌ಬೆರಿ 8 ನಿಮಿಷ 39 ಸೆಕೆಂಡು. ಎರಡನೆಯವರು ಅವರದೇ ದೇಶದ ಯೂಲಿಯಸ್ ಸ್ಕುಟ್‌ನಾಬ್, 8 ನಿಮಿಷ 48.4. ನಡುವೆ ಒಂಬತ್ತು ಸೆಕೆಂಡಿಗೂ ಹೆಚ್ಚು ಅಂತರ. ಚಳಿಗಾಲದ ಆಟಗಳಲ್ಲಿ ಫಿನ್‌ಲೆಂಡಿನ ಮೊದಲ ಚಿನ್ನ ಇದೇ.

ಮಾರನೆಯ ದಿನ 1,500 ಮೀಟರ್ ಮತ್ತು 10,000 ಮೀಟರ್. ಮೊದಲನೆಯದು ಥುನ್‌ಬೆರಿಗೆ, 2 ನಿಮಿಷ 20.8 ಸೆಕೆಂಡಿನಲ್ಲಿ. ಎರಡನೆಯದು ಸ್ಕುಟ್‌ನಾಬ್‌ಗೆ, 18 ನಿಮಿಷ 4.8 ಸೆಕೆಂಡಿನಲ್ಲಿ. ಥುನ್‌ಬೆರಿ ಮೂರೇ ಸೆಕೆಂಡು ಹಿಂದೆ. ಇಡೀ ವಾರದಲ್ಲಿ ನನಗೆ ಬಹಳ ಇಷ್ಟವಾದ ಫಲಿತಾಂಶ ಇದು. ಸ್ಕುಟ್‌ನಾಬ್‌ಗೆ ಆಗ 34 ವರ್ಷ. ಹಿಂದಿನ ದಿನ ಒಂಬತ್ತು ಸೆಕೆಂಡು ಹಿಂದೆ ಬಿದ್ದವರು, ದೂರ ಎರಡರಷ್ಟಾದಾಗ ಮುಂದೆ ಬಂದರು. ಎಲ್ಲರೂ ಥುನ್‌ಬೆರಿ ಹೆಸರು ಹೇಳುತ್ತಾರೆ, ನಾನೂ ಹೇಳುತ್ತಿದ್ದೇನೆ. ಸ್ಕುಟ್‌ನಾಬ್ ಹೆಸರನ್ನು ಇವತ್ತು ನೀವು ಮನೆಗೆ ಒಯ್ದರೆ ನನಗೆ ಸಂತೋಷ.

ಈಗ ಆ ದಿನಾಂಕ. ಈ ಎರಡು ಚಿನ್ನ ಬಂದದ್ದು 1924ರ ಜನವರಿ 27ರಂದು. ಅಂತರ್ಯುದ್ಧ ಶುರುವಾಗಿ ಸರಿಯಾಗಿ ಆರು ವರ್ಷ. ಕ್ಯಾಲೆಂಡರು ನೋಡಿ ಯಾರೂ ಇಟ್ಟದ್ದಲ್ಲ, ಹಾಗೆ ಬಂತು. ಆದರೆ ಆ ದಿನ ಫಿನ್‌ಲೆಂಡಿನಲ್ಲಿ ಎಷ್ಟು ಮನೆಗಳಲ್ಲಿ ದೀಪ ಹಚ್ಚಿ ಸತ್ತವರನ್ನು ನೆನೆದಿರಬಹುದು, ಅವರಲ್ಲಿ ಎಷ್ಟು ಜನಕ್ಕೆ ಶಾಮೋನಿಯ ಸುದ್ದಿ ಸಂತೋಷ ಕೊಟ್ಟಿರಬಹುದು ಅಂತ ನಾನು ಯೋಚಿಸುತ್ತಲೇ ಇರುತ್ತೇನೆ.

ನಾಲ್ಕೂ ದೂರಗಳನ್ನು ಸೇರಿಸಿ ಒಟ್ಟು ಸಾಧನೆಗೆ ಇನ್ನೊಂದು ಪದಕವಿತ್ತು. ಅದರ ಲೆಕ್ಕ ಸ್ವಾರಸ್ಯವಾದದ್ದು. ಒಂದನೆಯ ಸ್ಥಾನಕ್ಕೆ ಒಂದು ಅಂಕ, ಎರಡಕ್ಕೆ ಎರಡು, ಹೀಗೆ. ಕಡಿಮೆ ಅಂಕ ಪಡೆದವರು ಗೆದ್ದಂತೆ. ಆದರೆ ಸ್ಥಾನ ಎಣಿಸುವಾಗ ನಾಲ್ಕೂ ಸ್ಪರ್ಧೆ ಮುಗಿಸಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. 500 ಮೀಟರಿನಲ್ಲಿ ಥುನ್‌ಬೆರಿಗಿಂತ ಮುಂದಿದ್ದ ಇಬ್ಬರು ನಾಲ್ಕನ್ನೂ ಮುಗಿಸಲಿಲ್ಲ, ಹಾಗಾಗಿ ಅವರನ್ನು ತೆಗೆದು ನೋಡಿದರೆ ಥುನ್‌ಬೆರಿ ಮತ್ತು ಲಾರ್ಸೆನ್ ಒಂದನೆಯ ಸ್ಥಾನ ಹಂಚಿಕೊಂಡ ಹಾಗಾಯಿತು, ತಲಾ ಒಂದೂವರೆ ಅಂಕ. ಥುನ್‌ಬೆರಿಯದು ಒಂದೂವರೆ, ಒಂದು, ಒಂದು, ಎರಡು. ಒಟ್ಟು ಐದೂವರೆ. ಲಾರ್ಸೆನ್ ಒಂಬತ್ತೂವರೆ, ಸ್ಕುಟ್‌ನಾಬ್ ಹನ್ನೊಂದು. ಥುನ್‌ಬೆರಿಗೆ ಮೂರನೆಯ ಚಿನ್ನ. ಈ ಒಟ್ಟು ಸಾಧನೆಯ ಪದಕವನ್ನು ಒಲಿಂಪಿಕ್ಸ್‌ನಲ್ಲಿ ಮತ್ತೆಂದೂ ಕೊಡಲಿಲ್ಲ. ಎರಡು ದಿನದಲ್ಲಿ ಒಬ್ಬ ಮನುಷ್ಯನಿಗೆ ಮೂರು ಚಿನ್ನ, ಒಂದು ಬೆಳ್ಳಿ, ಒಂದು ಕಂಚು. ಅದೇ ವರ್ಷ ಬೇಸಿಗೆಯಲ್ಲಿ ಪ್ಯಾರಿಸಿನಲ್ಲಿ ಪಾವೋ ನುರ್ಮಿ ಓಟದಲ್ಲಿ ಐದು ಚಿನ್ನ ಗೆದ್ದರು. ಥುನ್‌ಬೆರಿಯನ್ನು ಮಂಜುಗಡ್ಡೆಯ ಮೇಲಿನ ನುರ್ಮಿ ಎಂದು ಕರೆಯುವುದು ರೂಢಿಯಾಯಿತು. ಶಾಮೋನಿ ಆದದ್ದು ಮೊದಲು ಎಂಬುದನ್ನು ಮರೆಯಬಾರದು.

ಥುನ್‌ಬೆರಿ ಸ್ವೀಡಿಷ್ ಮನೆಮಾತಿನವರು. ಆಗಿನ ಫಿನ್‌ಲೆಂಡಿನಲ್ಲಿ ನೂರಕ್ಕೆ ಸುಮಾರು 11 ಜನ ಸ್ವೀಡಿಷ್ ಮಾತಾಡುವವರು. ಭಾಷೆಯ ಜಗಳ ಅಲ್ಲಿಯೂ ಕಾವೇರಿತ್ತು. ವಿಶ್ವವಿದ್ಯಾಲಯದಲ್ಲಿ ಪಾಠ ಯಾವ ಭಾಷೆಯಲ್ಲಿ ಇರಬೇಕು ಎಂಬ ಹೋರಾಟ ನಡೆಯುತ್ತಿತ್ತು. ಗಡಿಯ ಊರುಗಳಲ್ಲಿ ಬೆಳೆದವರು ಇಲ್ಲಿ ಇದ್ದರೆ ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಮೋನಿಯಿಂದ ಹೊಸ ದೇಶಕ್ಕೆ ಅತಿ ಹೆಚ್ಚು ಪದಕ ತಂದವರು ಬಹುಸಂಖ್ಯಾತರ ಭಾಷೆಯವರಾಗಿರಲಿಲ್ಲ.

ಇನ್ನೊಬ್ಬರನ್ನು ಕೇಳಿ. ಜೋಡಿ ಫಿಗರ್ ಸ್ಕೇಟಿಂಗ್‌ನಲ್ಲಿ ಬೆಳ್ಳಿ ಗೆದ್ದ ಲುಡೋವಿಕಾ ಯಾಕೊಬ್‌ಸನ್. ಹುಟ್ಟಿದ್ದು ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ. ಗಂಡ ವಾಲ್ಟರ್ ಯಾಕೊಬ್‌ಸನ್ ಫಿನ್‌ಲೆಂಡಿನವರು, ಎಂಜಿನಿಯರು. 1920ರಲ್ಲಿ ಆಂಟ್‌ವರ್ಪ್‌ನ ಬೇಸಿಗೆ ಒಲಿಂಪಿಕ್ಸ್‌ನಲ್ಲೇ ಫಿಗರ್ ಸ್ಕೇಟಿಂಗ್ ಇತ್ತು, ಅಲ್ಲಿ ಈ ಜೋಡಿ ಚಿನ್ನ ಗೆದ್ದಿತ್ತು. ನಮ್ಮ ಚೌಗುಲೆ ಓಡಿದ ಅದೇ ಒಲಿಂಪಿಕ್ಸ್. ಶಾಮೋನಿಗೆ ಬಂದಾಗ ಲುಡೋವಿಕಾಗೆ 39 ವರ್ಷ. ಅದೇ ರಿಂಕಿನಲ್ಲಿ ಮಹಿಳೆಯರ ಸ್ಪರ್ಧೆಯಲ್ಲಿ ನಾರ್ವೆಯ ಸೋನ್ಯಾ ಹೇನಿ ಎಂಬ 11 ವರ್ಷದ ಹುಡುಗಿ ಕೊನೆಯ ಸ್ಥಾನ ಪಡೆದಳು. ಮುಂದೆ ಜಗತ್ತೇ ನೋಡಿದ ಸೋನ್ಯಾ ಅವಳೇ. ಶಾಮೋನಿಯಲ್ಲಿ ಹೆಂಗಸರಿಗೆ ಇದ್ದದ್ದು ಫಿಗರ್ ಸ್ಕೇಟಿಂಗ್ ಒಂದೇ. ಸ್ಕೀ ಮಾಡಿ ಶಾಲೆಗೆ ಹೋಗುತ್ತಿದ್ದ ಫಿನ್‌ಲೆಂಡಿನ ಸಾವಿರಾರು ಹುಡುಗಿಯರಿಗೆ ಅಲ್ಲಿ ಸ್ಪರ್ಧೆಯೇ ಇರಲಿಲ್ಲ. ಮಹಿಳೆಯರ ಸ್ಕೀಯಿಂಗ್ ಓಟ ಒಲಿಂಪಿಕ್ಸ್‌ಗೆ ಬಂದದ್ದು 1952ರಲ್ಲಿ. 28 ವರ್ಷ ಕಾಯಬೇಕಾಯಿತು. ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ಸಂಗತಿ.

ಸ್ಕೀಯಿಂಗ್ ವಿಷಯಕ್ಕೆ ಬರೋಣ. ಫಿನ್‌ಲೆಂಡಿಗೆ ಇಲ್ಲಿ ಪೆಟ್ಟು ಬಿತ್ತು. 50 ಕಿಲೋಮೀಟರಿನಲ್ಲಿ ಮೊದಲ ನಾಲ್ಕೂ ಸ್ಥಾನ ನಾರ್ವೆಯವರಿಗೆ ಹೋದವು. 18 ಕಿಲೋಮೀಟರಿನಲ್ಲಿ ಥೋರ್ಲೈಫ್ ಹೌಗ್ ಮೊದಲು, ಯೋಹಾನ್ ಗ್ರೋಟುಮ್ಸ್‌ಬ್ರೋಟೆನ್ ಎರಡನೆಯವರು, ಇಬ್ಬರೂ ನಾರ್ವೆ. ಮೂರನೆಯವರು ಫಿನ್‌ಲೆಂಡಿನ ಟಾಪಾನಿ ನೀಕು, ಹೌಗ್‌ಗಿಂತ ಸುಮಾರು ಎರಡು ನಿಮಿಷ ಹಿಂದೆ. ಸ್ಕೀಯಿಂಗ್ ಓಟಗಳಲ್ಲಿ ನಾರ್ವೆಯ ಗೋಡೆಯನ್ನು ಒಡೆದ ಒಬ್ಬನೇ ಮನುಷ್ಯ.

ಹುಟ್ಟಾ ಸ್ಕೀ ಮಾಡುವ ಜನ ಸೋತದ್ದು ಯಾಕೆ? ನೆಲದ ಗುಣ. ಫಿನ್‌ಲೆಂಡ್ ಹೆಚ್ಚಾಗಿ ಸಮತಟ್ಟು. ಕೆರೆಗಳ ಮೇಲೆ, ಕಾಡಿನ ನಡುವೆ ಉದ್ದಕ್ಕೆ ಜಾರುವುದು ಅವರ ಪದ್ಧತಿ. ಹಿಂದಿನ ಕಾಲದಲ್ಲಿ ಅಲ್ಲಿ ಎರಡು ಕಾಲಿಗೆ ಎರಡು ಬಗೆಯ ಹಲಗೆ ಕಟ್ಟುತ್ತಿದ್ದರು. ಒಂದು ಬಹಳ ಉದ್ದ, ಜಾರುವುದಕ್ಕೆ. ಇನ್ನೊಂದು ಗಿಡ್ಡ, ತಳಕ್ಕೆ ತೊಗಲು ಹೊಡೆದದ್ದು, ನೆಲ ಒದೆಯುವುದಕ್ಕೆ. ಸಮನೆಲದಲ್ಲಿ ಇದಕ್ಕಿಂತ ಚೆನ್ನಾದ ಉಪಾಯವಿಲ್ಲ. ಉತ್ತರದ ಔಲು ಪಟ್ಟಣದಲ್ಲಿ 1889ರಿಂದ ಒಂದು ಸ್ಕೀ ಸ್ಪರ್ಧೆ ನಡೆಯುತ್ತ ಬಂದಿದೆ, ಟಾರಿನ ಸ್ಕೀ ಓಟ ಎಂದೇ ಅದರ ಹೆಸರು. ಪೈನ್ ಮರ ಸುಟ್ಟು ಇಳಿಸಿದ ಟಾರು ಆ ಊರಿನ ವ್ಯಾಪಾರ, ಅದನ್ನೇ ಸ್ಕೀ ತಳಕ್ಕೂ ಬಳಿಯುತ್ತಿದ್ದರು. ಶಾಮೋನಿ ಮಾತ್ರ ಆಲ್ಪ್ಸ್‌ನ ಕಣಿವೆ. ಏರು, ಇಳಿಜಾರು, ತಿರುವು. ನಾರ್ವೆಯವರು ಹುಟ್ಟಿದ್ದೇ ಅಂಥ ಕಡೆ. ಬಯಲುಸೀಮೆಯ ಒಳ್ಳೆಯ ಸೈಕಲ್ ಸವಾರನನ್ನು ಆಗುಂಬೆ ಘಾಟಿಯಲ್ಲಿ ಬಿಟ್ಟ ಹಾಗೆ.

ಇದನ್ನು ಮೊದಲೇ ಕಂಡುಕೊಂಡವರು ಲೌರಿ ಪಿಹ್ಕಲಾ. ಓಟಗಾರರಾಗಿದ್ದವರು, ಆಮೇಲೆ ಕ್ರೀಡಾ ಚಿಂತಕ ಎನ್ನಬಹುದು. ಫಿನ್‌ಲೆಂಡಿನ ಬೇಸ್‌ಬಾಲ್ ಆಟವನ್ನು ರೂಪಿಸಿದವರೂ ಅವರೇ. ನಾರ್ವೆಯ ಹೋಲ್ಮೆನ್‌ಕೊಲೆನ್ ಮಾದರಿಯಲ್ಲಿ ಲಾಹ್ತಿ ಎಂಬ ಊರಿನ ಗುಡ್ಡಗಳಲ್ಲಿ 1923ರಲ್ಲಿ ಸ್ಕೀ ಕೂಟ ಶುರು ಮಾಡಿದರು, ನಮ್ಮ ಹುಡುಗರು ಏರು ಹತ್ತುವುದನ್ನು ಕಲಿಯಬೇಕು ಎಂದು. ಶಾಮೋನಿಗೆ ಒಂದೇ ವರ್ಷ ಮುಂಚೆ, ಫಲ ಬರುವುದಕ್ಕೆ ಸಮಯ ಸಿಗಲಿಲ್ಲ. 1926ರಲ್ಲಿ ಅದೇ ಲಾಹ್ತಿಯಲ್ಲಿ ವಿಶ್ವ ಮಟ್ಟದ ಸ್ಕೀ ಸ್ಪರ್ಧೆ ನಡೆದಾಗ ಫಿನ್‌ಲೆಂಡಿನ ಮಾಟ್ಟಿ ರೈವಿಯೋ 30 ಕಿಲೋಮೀಟರ್, 50 ಕಿಲೋಮೀಟರ್ ಎರಡನ್ನೂ ಗೆದ್ದರು. 1932ರಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನ 50 ಕಿಲೋಮೀಟರಿನಲ್ಲಿ ಚಿನ್ನ ವೆಲಿ ಸಾರಿನೆನ್‌ಗೆ, ಬೆಳ್ಳಿ ವೈನೋ ಲೀಕ್ಕನೆನ್‌ಗೆ. ಇಬ್ಬರೂ ಫಿನ್‌ಲೆಂಡ್. ಎಂಟೇ ವರ್ಷ ಹಿಡಿಯಿತು.

ಸೈನಿಕ ಗಸ್ತು ಎಂಬ ಸ್ಪರ್ಧೆಯೂ ಇತ್ತು. ಬೆನ್ನಿಗೆ ಬಂದೂಕು ಕಟ್ಟಿಕೊಂಡು ನಾಲ್ಕು ಜನರ ತಂಡ ಸುಮಾರು 30 ಕಿಲೋಮೀಟರ್ ಸ್ಕೀ ಮಾಡಬೇಕು, ನಡುವೆ ಗುರಿಗೆ ಗುಂಡು ಹೊಡೆಯಬೇಕು. ಆರು ತಂಡ ಹೊರಟವು, ಎರಡು ಅರ್ಧದಲ್ಲೇ ಬಿಟ್ಟವು. ಸ್ವಿಟ್ಜರ್ಲೆಂಡ್ ಮೊದಲು, ನಾಲ್ಕು ನಿಮಿಷದ ನಂತರ ಫಿನ್‌ಲೆಂಡ್. ಆ ತಂಡದ ವೈನೋ ಬ್ರೆಮೆರ್ ಅದೇ ಬೇಸಿಗೆಯಲ್ಲಿ ಪ್ಯಾರಿಸಿಗೆ ಹೋಗಿ ಐದು ಆಟ ಸೇರಿದ ಮಾಡರ್ನ್ ಪೆಂಟಾಥ್ಲಾನ್‌ನಲ್ಲೂ ಸ್ಪರ್ಧಿಸಿದರು. ಸಣ್ಣ ದೇಶಗಳಲ್ಲಿ ಹೀಗೆಯೇ. ಇದ್ದವರೇ ಎಲ್ಲದಕ್ಕೂ ಹೋಗಬೇಕು.

ಫಿನ್‌ಲೆಂಡಿಗಿಂತಲೂ ಸಣ್ಣವರನ್ನು ನೋಡಿ. ಪಕ್ಕದ ಲಾಟ್ವಿಯಾ 1918ರಲ್ಲಿ ಸ್ವತಂತ್ರವಾದದ್ದು. ಶಾಮೋನಿಗೆ ಇಬ್ಬರನ್ನು ಕಳಿಸಿತು. ರೊಬೆರ್ಟ್ಸ್ ಪ್ಲೂಮೆ ಸ್ಕೀಯಿಂಗ್‌ಗೆ, ಆಲ್ಬೆರ್ಟ್ಸ್ ರುಂಬಾ ಸ್ಕೇಟಿಂಗ್‌ಗೆ. ಪ್ಲೂಮೆ ಅದೇ ವರ್ಷ ಪ್ಯಾರಿಸಿನಲ್ಲಿ ಸೈಕಲ್ ಸ್ಪರ್ಧೆಗೂ ಇಳಿದರು. ರುಂಬಾ ನಾಲ್ಕೂ ದೂರ ಮುಗಿಸಿ ಒಟ್ಟು ಸಾಧನೆಯಲ್ಲಿ ಏಳನೆಯವರಾದರು. ಥುನ್‌ಬೆರಿಯ ಹೆಸರಿರುವ ಅದೇ ಪಟ್ಟಿಯಲ್ಲಿ ಲಾಟ್ವಿಯಾ ಎಂಬ ಹೆಸರು ಅಚ್ಚಾಯಿತು. ಎಸ್ಟೋನಿಯಾದ ಕ್ರಿಸ್ಟ್‌ಫ್ರೀಡ್ ಬುರ್ಮೈಸ್ಟರ್ ಹೆಸರು ಕೊಟ್ಟಿದ್ದರೂ ಮಂಜುಗಡ್ಡೆಗೆ ಇಳಿಯಲಿಲ್ಲ, ಮುಂದಿನ ಚಳಿಗಾಲದ ಒಲಿಂಪಿಕ್ಸ್ 1928ರಲ್ಲಿ ಸೇಂಟ್ ಮೊರಿಟ್ಸ್‌ನಲ್ಲಿ ನಡೆದಾಗ ಇಳಿದರು. ಅದೇ ಸೇಂಟ್ ಮೊರಿಟ್ಸ್‌ಗೆ ಲಿಥುವೇನಿಯಾದಿಂದ ಬಂದದ್ದು ಒಬ್ಬರೇ, ಕೆಸ್ತುತಿಸ್ ಬುಲೋಟಾ. ನಕ್ಷೆಯಲ್ಲಿ ನಮ್ಮ ಗೆರೆ ಇನ್ನೂ ಹಸಿಯಾಗಿರುವಾಗ ಒಬ್ಬ ಸ್ಕೇಟರ್ ಹೋಗಿ ಏಳನೆಯವನಾಗಿ ಬಂದರೂ ಅದಕ್ಕೆ ಬೆಲೆ ಇದೆ. ಇದನ್ನು ನಾನು ಮನಸ್ಸಿನಿಂದ ನಂಬುತ್ತೇನೆ.

ಶಾಮೋನಿ ಮುಗಿದಾಗ ನಾರ್ವೆಗೆ 17 ಪದಕ, ಫಿನ್‌ಲೆಂಡಿಗೆ 11. ಚಿನ್ನ ಇಬ್ಬರಿಗೂ ನಾಲ್ಕು ನಾಲ್ಕು. ಒಟ್ಟು ಪದಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎರಡು ದೇಶಗಳ ಪಾಲು. ಒಂದು 1905ರಲ್ಲಿ ಸ್ವೀಡನ್ನಿನಿಂದ ಬೇರೆಯಾದದ್ದು, ಇನ್ನೊಂದು 1917ರಲ್ಲಿ ರಷ್ಯಾದಿಂದ. ಎರಡು ವರ್ಷದ ನಂತರ, 1926ರಲ್ಲಿ, ಒಲಿಂಪಿಕ್ ಸಮಿತಿ ಆ ಸಪ್ತಾಹವನ್ನೇ ಮೊದಲ ಚಳಿಗಾಲದ ಒಲಿಂಪಿಕ್ಸ್ ಎಂದು ಮಾನ್ಯ ಮಾಡಿತು. ಥುನ್‌ಬೆರಿ, ಸ್ಕುಟ್‌ನಾಬ್ ಕೂತ ಕಡೆಯೇ ಒಲಿಂಪಿಕ್ ಚಾಂಪಿಯನ್ ಆದರು. 1928ರಲ್ಲಿ ಥುನ್‌ಬೆರಿ ಇನ್ನೆರಡು ಚಿನ್ನ ಗೆದ್ದರು, 34ನೆಯ ವಯಸ್ಸಿನಲ್ಲಿ, ಅದರಲ್ಲೊಂದು 500 ಮೀಟರ್. ಲೇಕ್ ಪ್ಲಾಸಿಡ್‌ಗೆ ಹೋಗಲು ಅವರು ಒಪ್ಪಲಿಲ್ಲ. ಅಲ್ಲಿ ಅಮೆರಿಕದ ಪದ್ಧತಿಯಲ್ಲಿ ಎಲ್ಲರನ್ನೂ ಒಟ್ಟಿಗೆ ಬಿಡುತ್ತಾರೆ, ಅದು ಸ್ಪೀಡ್ ಸ್ಕೇಟಿಂಗ್ ಅಲ್ಲ ಎಂಬುದು ಅವರ ನಿಲುವು.

ಇಷ್ಟು ಹೇಳಿ ನಾನು ಕೆಳಗೆ ಇಳಿಯಬಹುದಿತ್ತು. ಆದರೆ ಇಲ್ಲಿಯವರೆಗೆ ನಾನು ಹೇಳಿದ್ದು ಹೋದವರ ಕಥೆ.

ಅಂತರ್ಯುದ್ಧ ಮುಗಿದ ಮೇಲೆ ಕ್ರೀಡೆಯೂ ಎರಡಾಯಿತು. ಕೆಂಪಿನವರ ಜೊತೆ ನಿಂತಿದ್ದ ಆಟಗಾರರನ್ನು, ಸಂಘಗಳನ್ನು ದೇಶದ ಕ್ರೀಡಾ ಒಕ್ಕೂಟ ಹೊರಗಿಟ್ಟಿತು. ಹೊರಬಿದ್ದವರು 1919ರ ಜನವರಿಯಲ್ಲಿ ಕಾರ್ಮಿಕರ ಕ್ರೀಡಾ ಒಕ್ಕೂಟ ಕಟ್ಟಿಕೊಂಡರು. ಒಂದೇ ಊರಿನಲ್ಲಿ ಎರಡು ಕ್ಲಬ್ಬು, ಎರಡು ಮೈದಾನ, ಎರಡು ಚಾಂಪಿಯನ್‌ಶಿಪ್. ಇವರು ಅವರ ಜೊತೆ ಆಡುವುದಿಲ್ಲ, ಅವರು ಇವರ ಜೊತೆ ಆಡುವುದಿಲ್ಲ. ಒಲಿಂಪಿಕ್ಸ್‌ಗೆ, ಶಾಮೋನಿಗೆ ಹೋಗುವ ಬಾಗಿಲು ಇದ್ದದ್ದು ಒಂದು ಮನೆಗೆ ಮಾತ್ರ. ಅಂತರರಾಷ್ಟ್ರೀಯ ಸ್ಪರ್ಧೆಯ ಆಸೆಗೆ ಕೆಲವರು ಆಚೆ ಮನೆಗೆ ದಾಟಿದರು, ಸ್ನೇಹಿತರ ಕಣ್ಣಿನಲ್ಲಿ ದ್ರೋಹಿಗಳಾದರು. ಹೆಚ್ಚಿನವರು ದಾಟಲಿಲ್ಲ. ಅವರಲ್ಲಿ ಎಷ್ಟು ಜನ ಟಾಪಾನಿ ನೀಕು ಜೊತೆ ಹೆಗಲೆಣೆಯಾಗಿ ಸ್ಕೀ ಮಾಡಬಲ್ಲವರಾಗಿದ್ದರೋ ಶಾಮೋನಿಯ ಪಟ್ಟಿ ನೋಡಿ ಹೇಳಲು ಬರುವುದಿಲ್ಲ. ಪಟ್ಟಿಗಳು ಬಂದವರನ್ನಷ್ಟೇ ಎಣಿಸುತ್ತವೆ.

ಬಿಳಿ ಬಟ್ಟೆಯ ಮೇಲೆ ನೀಲಿ ಶಿಲುಬೆಯ ಫಿನ್‌ಲೆಂಡ್ ಬಾವುಟವನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ದೇಶದ ಬಾವುಟವೆಂದು ಕಾನೂನು ಮಾಡಿದ್ದು 1918ರ ಮೇ ಕೊನೆಯಲ್ಲಿ. ಯುದ್ಧ ಮುಗಿದದ್ದು ಅದೇ ತಿಂಗಳ ಮಧ್ಯದಲ್ಲಿ. ಎರಡು ವಾರದ ಅಂತರ. ಸೆರೆ ಶಿಬಿರಗಳು ಆಗ ತುಂಬಿ ತುಳುಕುತ್ತಿದ್ದವು. ಅಣ್ಣನನ್ನೋ ಅಪ್ಪನನ್ನೋ ಆ ಶಿಬಿರದಲ್ಲಿ ಕಳೆದುಕೊಂಡ ಹುಡುಗನೊಬ್ಬ ಆರು ವರ್ಷದ ನಂತರ ಚೆನ್ನಾಗಿ ಸ್ಕೀ ಮಾಡುವವನಾಗಿದ್ದರೆ, ಆ ಬಾವುಟವನ್ನು ಅವನು ಹೇಗೆ ನೋಡಿಯಾನು ಎಂದು ಯೋಚಿಸಿ.

ಶಾಮೋನಿಯಾದ ಮರುವರ್ಷ, 1925ರ ಜನವರಿ ಕೊನೆಯಲ್ಲಿ, ಜರ್ಮನಿಯ ಶ್ರೈಬರ್‌ಹೌ ಎಂಬಲ್ಲಿ ಇನ್ನೊಂದು ಕೂಟ ಸೇರಿತು. ಆ ಊರು ಈಗ ಪೋಲೆಂಡಿನಲ್ಲಿದೆ. ಅದು ಕಾರ್ಮಿಕರ ಚಳಿಗಾಲದ ಒಲಿಂಪಿಯಾಡ್. ಫಿನ್‌ಲೆಂಡಿನ ಕಾರ್ಮಿಕ ಒಕ್ಕೂಟದವರು ಅಲ್ಲಿಗೆ ಹೋದರು, ಸ್ಕೀಯಿಂಗ್‌ನಲ್ಲೂ ಸ್ಕೇಟಿಂಗ್‌ನಲ್ಲೂ ಮುಂದೆ ನಿಂತರು. ಆ ಕೂಟದಲ್ಲಿ ದೇಶದ ಬಾವುಟಗಳೂ ಇರಲಿಲ್ಲ, ರಾಷ್ಟ್ರಗೀತೆಗಳೂ ಇರಲಿಲ್ಲ. ಗೆದ್ದವರು ಯಾವ ದೇಶದವರಾದರೂ ಇದ್ದದ್ದು ಕೆಂಪು ಬಾವುಟ ಒಂದೇ.